ಇದ್ದಿಲ ದೋಣಿಗೆ ಎಂಟು ಬಳೆ

ಅದನ್ನು ದೋಣಿ ಎಂದು ಕರೆದವರು ಇಬ್ಬರೇ: ಮನೆಯ ಹಿತ್ತಿಲಲ್ಲಿ ಅದನ್ನು ಮಾಡಿಸಿದ ನನ್ನ ಭಾವ, ಅದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿಕೊಟ್ಟ ನಾನು. ಹಲಗೂರಿನ ಉಳಿದವರೆಲ್ಲ ಬಾನಿ ಎಂದರು, ದನಕ್ಕೆ ಕಲಗಚ್ಚು ಹಾಕುವ ಬಾನಿ. ಅವರ ಮಾತೇ ಸರಿ. ಆ ಬಾನಿಗೆ ಎಂಟು ಕಬ್ಬಿಣದ ಬಳೆ ಹೊಡೆಸಿ, ಸರಕನ್ನು ಹಗ್ಗದಿಂದ ಬಿಗಿದು, ಅದೇ ಹಗ್ಗದ ಅಡಿಯಲ್ಲಿ ಒಬ್ಬ ಗಾಡಿಯವನ ಎರಡು ಕಾಲುಗಳನ್ನೂ ಸಿಕ್ಕಿಸಿ ಕಾವೇರಿಯ ನಡುವೆ ತಂದು ನಿಲ್ಲಿಸಿದೆವು. ಅವನು ಸಾಯಲಿಲ್ಲ. ಅವನು ಉಳಿದದ್ದರಲ್ಲಿ ನಮ್ಮ ಪಾಲು ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಬೇರೆ ರೀತಿ ಹೇಳುತ್ತಾರೆ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯ ಬಲದಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ದೊಡ್ಡ ಮಾತು. ಮದ್ದೂರಿನಿಂದ ಮಳವಳ್ಳಿಗೆ ಬರುವ ದಾರಿಯ ಏರುಗಳಲ್ಲಿ ಟಿಕೆಟ್ಟು ಕೊಂಡವರೇ ಇಳಿದು ತಳ್ಳುತ್ತಿದ್ದರು. ಮಳವಳ್ಳಿಯ ಬಸ್ಸಿನ ಧಣಿಯೊಬ್ಬರಿಗೆ ಇದ್ದಿಲು ಒದಗಿಸುತ್ತೇನೆಂದು ಭಾವ ಒಪ್ಪಿಕೊಂಡಿದ್ದರು. ಇದ್ದಿಲು ಸುಡುವವರು ಇದ್ದದ್ದು ಮುತ್ತತ್ತಿಯ ಎದುರು ದಡದ ಕಾಡಿನಲ್ಲಿ. ಈಚೆ ದಡಕ್ಕೆ ತರಲು ಹರಿಗೋಲು ಒಂದೇ ಗತಿ. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ್ದು, ಗಿರಗಿರ ತಿರುಗುತ್ತಾ ಬರುವಂಥದು. ಅದರವನು ಒಂದು ಸಲಕ್ಕೆ ಆರು ಚೀಲಕ್ಕಿಂತ ಹೆಚ್ಚು ಹಾಕಿಸಿಕೊಳ್ಳುತ್ತಿರಲಿಲ್ಲ. ಹಾಕಿದ್ದನ್ನು ಕಟ್ಟಲೂ ಬಿಡುತ್ತಿರಲಿಲ್ಲ. ಕುರಿಯನ್ನು ದಾಟಿಸುವಾಗ ಕೂಡ ಅದರ ಕಾಲಿನ ಕಟ್ಟು ಬಿಚ್ಚಿಸಿ, ಒಡೆಯನಿಗೆ ತಬ್ಬಿಕೊಂಡು ಕೂರಲು ಹೇಳುತ್ತಿದ್ದ. ಏಕೆಂದು ಭಾವ ಕೇಳಿದಾಗ, "ನೀರ್‌ನಾಗೆ ಕಟ್ಟಿದ್ದು ಯಾವ್ದೂ ಬದುಕಾಕಿಲ್ಲ ಅಯ್ನೋರೆ" ಎಂದಿದ್ದ. ಭಾವ ಅದನ್ನು ಹಲಗೂರಿನ ಜಗಲಿಯ ಮೇಲೆ ಕೂತು, ಬಂದವರಿಗೆಲ್ಲ ಹೇಳಿ ನಕ್ಕರು. ನಾನೂ ನಕ್ಕೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಅಕ್ಕನ ಮನೆಯ ಅನ್ನ ತಿನ್ನುತ್ತಿದ್ದವನು ನಾನು. ಭಾವ ನಕ್ಕಾಗ ನಗುವುದು ನನ್ನ ಕೆಲಸಗಳಲ್ಲೊಂದಾಗಿತ್ತು.

ಗಾಡಿ ಮಾಡುವ ಆಚಾರಿಯೊಬ್ಬ ಬಂದ. ಊರ ಕೆರೆಗಿಂತ ದೊಡ್ಡ ನೀರಿನ ಮೇಲೆ ಅವನು ಕೂತವನೇ ಅಲ್ಲ. ಮಾವಿನ ಹಲಗೆಗಳನ್ನು ಜೋಡಿಸಿ, ಸಂದಿಗಳಿಗೆ ಹತ್ತಿ ತುರುಕಿ, ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಬಳಿದ. ತಳಕ್ಕೆ ನಾಲ್ಕು ಗಟ್ಟಿ ತೊಲೆಗಳನ್ನು ಅಡ್ಡ ಹಾಕಿದ. ಮುಂದುಗಡೆ ಗಾಡಿಯ ಮೂಕಿಯ ಹಾಗೆ ಒಂದು ಕೊಂಬನ್ನೂ ಬಿಟ್ಟ. ಎತ್ತು ಕಟ್ಟುವುದಕ್ಕೋ ಎಂದು ಬೀದಿಯವರು ಕೇಳಿದರು. ಹಿತ್ತಿಲ ಬಾಗಿಲಿನಿಂದ ಅದು ಹೊರಗೆ ಬರಲಿಲ್ಲ. ಗೋಡೆ ಒಡೆಸಬೇಕಾಯಿತು. ಎರಡು ಜೊತೆ ಎತ್ತಿನಿಂದ ಮುತ್ತತ್ತಿಗೆ ಸಾಗಿಸಿ ನೀರಿಗೆ ಇಳಿಸಿದಾಗ ಅದು ತೇಲಿತು. ತೇಲಿದ್ದೇ ನಮ್ಮ ದುರದೃಷ್ಟ.

ಮೊದಲ ಎರಡು ಸಲ ಹಿಂತಿರುಗುವಾಗ ಚೀಲಗಳು ಉರುಳಿದವು. ಇದ್ದಿಲು ಹಗುರ, ಚೀಲ ದಪ್ಪ. ಭಾವ ಎದೆಯೆತ್ತರಕ್ಕೆ ಪೇರಿಸಲು ಹೇಳಿ ಕಳಿಸಿದ್ದರು. ನಡುವಿನ ಸೆಳೆತದಲ್ಲಿ ದೋಣಿ ಒಂದು ಪಕ್ಕಕ್ಕೆ ವಾಲಿದ ಕೂಡಲೇ ಮೇಲಿನ ಸಾಲು ನೀರಿಗೆ ಬಿತ್ತು. ಚೀಲಗಳು ಹೆಣಗಳ ಹಾಗೆ ತೇಲುತ್ತಾ ಕೆಳಗೆ ಹೋದವು. ಹರಿಗೋಲಿನವನು ಅವುಗಳಲ್ಲಿ ಮೂರನ್ನು ಹಿಡಿದು ತಂದು ದಡಕ್ಕೆ ಹಾಕಿದ.

"ಏನಯ್ಯ, ನಿನ್ನ ಸೈನ್ಸು ಏನು ಹೇಳತ್ತೆ?" ಎಂದು ಭಾವ ನನ್ನನ್ನು ಕೇಳಿದರು.

ಯಾರಾದರೂ ಕೇಳಲಿ ಎಂದು ನಾನು ಎಷ್ಟೋ ತಿಂಗಳಿನಿಂದ ಕಾಯುತ್ತಿದ್ದೆ. ಅಲುಗಾಡುವ ಹೊರೆ ದೋಣಿಯನ್ನು ಮಗುಚುತ್ತದೆ, ಹೊರೆಯೂ ದೋಣಿಯೂ ಒಂದೇ ವಸ್ತುವಾದರೆ ಅಪಾಯವಿಲ್ಲ, ಆದ್ದರಿಂದ ಒಳಗೆ ಬಳೆಗಳನ್ನು ಹೊಡೆಸಿ ಹಗ್ಗದಿಂದ ಬಿಗಿಯಬೇಕು ಎಂದೆ. ಒಂದು ಹಾಳೆಯಲ್ಲಿ ಚಿತ್ರ ಬರೆದು ಬಾಣದ ಗುರುತುಗಳನ್ನೂ ಹಾಕಿದೆ. ಬಾಣಗಳೆಲ್ಲ ಕೆಳಮುಖವಾಗಿದ್ದವು. ನೀರು ಒಳಗೆ ಬಂದರೆ ಏನಾಗುತ್ತದೆ ಎಂಬ ಬಾಣ ಅದರಲ್ಲಿ ಇರಲಿಲ್ಲ. ಮೂರು ವರ್ಷ ಈ ತೇಲು-ಮುಳುಗಿನ ಪಾಠವನ್ನೇ ಓದಿ, ಪರೀಕ್ಷೆಯಲ್ಲಿ ಬರೆದು, ತೇರ್ಗಡೆಯಾಗಿದ್ದೆ.

ಬಳೆ ಮಾಡಿಕೊಟ್ಟವನು ಮಳವಳ್ಳಿಯ ಒಬ್ಬ ಸಾಬಿ, ಅದೇ ಧಣಿಯ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು. ಎಂಟು ಬಳೆಗಳನ್ನು ಬಡಿದು, ಬೋಲ್ಟು ಸಮೇತ ತಾನೇ ಮುತ್ತತ್ತಿಗೆ ಬಂದ. ದೋಣಿಯೊಳಗೆ ಇಳಿದು, ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿ, ತಳದ ತೊಲೆಗಳ ಮೇಲೆ ಸುಣ್ಣದಿಂದ ಗುರುತು ಹಾಕತೊಡಗಿದ.

"ಅಲ್ಲಲ್ಲಯ್ಯ, ಮೇಲೆ, ಪಕ್ಕದ ಹಲಗೆಗೆ" ಎಂದರು ಭಾವ.

"ಪಕ್ಕದ್ದು ಬೇಡ ಸಾಮಿ. ಅದು ಬರೀ ಗೋಡೆ. ಎಳೆದ್ರೆ ಒಳಗೆ ಬರ್ತದೆ. ತೊಲೆಗೆ ಹಾಕಿದ್ರೆ ಬಸ್ಸು ಬೇಕಾದ್ರೂ ಕಟ್ಟಿ."

"ತಳದಲ್ಲಿ ಹಾಕಿದರೆ ಚೀಲದಡಿ ಮುಚ್ಚಿಹೋಗತ್ತೆ. ಪ್ರತಿಸಲ ಬಗ್ಗಿ ಹುಡುಕೋರು ಯಾರು? ಗಾಡೀಲಿ ಎಲ್ಲಿ ಕಟ್ತಾರೆ, ಪಕ್ಕದ ಗೂಟಕ್ಕೆ ತಾನೇ?"

ಆಚಾರಿ ತಲೆಯಾಡಿಸಿದ. ಗಾಡಿಯಲ್ಲಿ ಹಾಗೇ ಎಂದ. ಸಾಬಿ ನನ್ನ ಕಡೆ ನೋಡಿದ. "ನೀವ್ ಓದ್ದೋರು, ನೀವಾದ್ರೂ ಹೇಳಿ ಸಾಮಿ."

ನಾನು ಚಿತ್ರ ನೋಡಿದೆ. ಚಿತ್ರದಲ್ಲಿ ಬಳೆಗಳನ್ನು ಪಕ್ಕದಲ್ಲೇ ಬರೆದಿದ್ದೆ, ಅಲ್ಲಿ ಬರೆಯುವುದು ಸುಲಭವೆಂದು. ಅಳಿಸಿ ಬರೆಯುವುದು ನಾಚಿಕೆಯ ವಿಷಯವಾಗಿ ಕಂಡಿತು, ಅದೂ ಬಸ್ಸಿನ ಅಡಿಯಲ್ಲಿ ಮಲಗುವವನೊಬ್ಬನ ಮಾತಿಗೆ. ಪಕ್ಕದಲ್ಲೇ ಇರಲಿ ಎಂದೆ. ಸಾಬಿ ಸುಣ್ಣದ ಗುರುತನ್ನು ಅಂಗೈಯಿಂದ ಒರೆಸಿ, ಒಂದು ಪಕ್ಕಕ್ಕೆ ನಾಲ್ಕರಂತೆ ಎಂಟು ಬಳೆಗಳನ್ನೂ ಹಲಗೆಗೆ ಬಿಗಿದ. ಕೆಲಸ ಅಚ್ಚುಕಟ್ಟಾಗಿತ್ತು. ಹೊರಡುವಾಗ ಬಳೆಗಳನ್ನು ನೋಡದೆ ನಮ್ಮನ್ನು ನೋಡಿ, "ಇದರಲ್ಲಿ ನಾನು ಕೂರಲ್ಲ" ಎಂದಷ್ಟೇ ಹೇಳಿ ಹಲಗೂರಿನ ದಾರಿ ಹಿಡಿದ.

ಹೊರೆ ಕಟ್ಟುವ ಕೆಲಸ ಭಾವನ ಗಾಡಿಯವನದು. ಐವತ್ತರ ಮೇಲಿನ ವಯಸ್ಸು. ಮೂವತ್ತು ವರ್ಷದಿಂದ ಹುಲ್ಲು, ಬೆಲ್ಲ, ಸೌದೆ ಕಟ್ಟಿದ ಕೈ. ಕತ್ತಾಳೆ ನಾರಿನ ಹಗ್ಗವನ್ನು ಈ ಬಳೆಯಿಂದ ಆ ಬಳೆಗೆ ಚೀಲಗಳ ಮೇಲೆ ಹಾಯಿಸುತ್ತಿದ್ದ. ಜೋಡಿ ಎಳೆಗಳ ನಡುವೆ ಮೊಳದುದ್ದದ ಕೋಲು ತೂರಿಸಿ ತಿರುವುತ್ತಿದ್ದ. ಹಗ್ಗ ಹುರಿಗೊಂಡು ಬಿಗಿಯುತ್ತಾ ಹೋಗುತ್ತಿತ್ತು. ಇನ್ನು ತಿರುಗದು ಎನ್ನುವಾಗ ಕೋಲಿನ ತುದಿಯನ್ನು ಪಕ್ಕದ ಹಗ್ಗದಡಿ ಸಿಕ್ಕಿಸಿ ಕೈಬಿಡುತ್ತಿದ್ದ. ಕೊನೆಗೆ ಒಂದು ತಂಬಿಗೆ ನೀರು ಸುರಿಯುತ್ತಿದ್ದ. ದೂರದ ದಾರಿಗೆ ಹೊರಡುವ ಗಾಡಿಗೆ ಹಗ್ಗ ನೆನೆಸುವುದು ಅವರಲ್ಲಿ ಪದ್ಧತಿ. ನೆಂದ ನಾರು ಕುಗ್ಗಿ ಇನ್ನಷ್ಟು ಹಿಡಿಯುತ್ತದೆ. ಬಿಸಿಲಿನ ರಸ್ತೆಯಲ್ಲಿ ಅದು ಒಳ್ಳೆಯ ಪದ್ಧತಿ. ನದಿಯಲ್ಲಿ ಹಗ್ಗ ನೆನೆಸುವುದಕ್ಕೆ ತಂಬಿಗೆ ಬೇಕಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಬೇಕಾಗಿತ್ತು.

ದಡದ ಪಕ್ಕದಲ್ಲೇ ಒಂದು ದಿನ ಪರೀಕ್ಷೆ ಮಾಡಿದೆವು. ಮೊಣಕಾಲುದ್ದದ ನೀರಿನಲ್ಲಿ ನಾಲ್ಕು ಜನ ದೋಣಿಯನ್ನು ಅಲುಗಿಸಿದರು. ಒಂದು ಚೀಲವೂ ಕದಲಲಿಲ್ಲ. ಹನುಮಂತರಾಯನ ದರ್ಶನಕ್ಕೆ ಬಂದವರು ಬುತ್ತಿ ಬಿಚ್ಚಿಕೊಂಡು ನೋಡುತ್ತಾ ಕೂತಿದ್ದರು. ಭಾವ ಅವರ ಕಡೆ ತಿರುಗಿ, "ನಮ್ಮ ಬಾಮೈದನ ಲೆಕ್ಕಾಚಾರ" ಎಂದರು. ನಾನು ತಲೆ ತಗ್ಗಿಸಿದೆ, ವಿನಯದಿಂದ. ಆ ವಿನಯವನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಮರುವಾರ ಹದಿನೆಂಟು ಚೀಲ ಹೇರಿ ಎದುರು ದಡದಿಂದ ಹೊರಟೆವು. ಮುಂದೊಬ್ಬ ಹಿಂದೊಬ್ಬ ಆಳು, ಕೈಯಲ್ಲಿ ಬಿದಿರ ಗಳ. ನಾನು ಮುಂಭಾಗದಲ್ಲಿ, ಕೊಂಬಿನ ಹತ್ತಿರ. ಭಾವ ಮುತ್ತತ್ತಿಯ ದಡದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅವರು ಆ ದೋಣಿಯಲ್ಲಿ ಒಮ್ಮೆಯೂ ಕೂರಲಿಲ್ಲ. ದಡದಿಂದ ನೋಡಿದರೇ ತಪ್ಪು ಗೊತ್ತಾಗುವುದು ಎನ್ನುತ್ತಿದ್ದರು. ಗಾಡಿಯವನು ಚೀಲಗಳ ಮೇಲೆ ಹತ್ತಿ ಕೂತು, ಎರಡು ಪಾದಗಳನ್ನೂ ಹಗ್ಗದ ಅಡಿಗೆ ತೂರಿಸಿದ. ಹೊರೆಯ ಮೇಲೆ ಕೂರುವ ಗಾಡಿಯವರೆಲ್ಲ ಮಾಡುವುದು ಅದನ್ನೇ. ಎತ್ತು ದಾರಿ ಬಲ್ಲದು, ಇವರು ಹಗ್ಗದಡಿ ಕಾಲು ಕೊಟ್ಟು ನಿದ್ದೆ ಮಾಡುತ್ತಾರೆ, ಬೀಳುವುದಿಲ್ಲ.

"ಅಲ್ಯಾಕೆ ಕೂತೆ? ಕೆಳಗಿಳಿ" ಎಂದೆ.

"ಕೆಳೀಕೆ ಜಾಗ ಎಲ್ಲೈತೆ ಬುದ್ಧಿ? ನೀವೇ ಕುಂತಿದ್ದೀರಲ್ಲ" ಎಂದು ನಕ್ಕ. "ಬೀಳಾಕಿಲ್ಲ ಬುಡಿ. ಕಾಲು ಕೊಟ್ಟಿವ್ನಿ."

ನದಿ ಆಗ ತುಂಬಿರಲಿಲ್ಲ. ಆದರೂ ನಡುವಿನ ಮಡು ಆಳ. ಬಂಡೆಗಳ ನಡುವೆ ನೀರು ಹಾರಿ ಹೊರೆಯ ಮೇಲೆ ಎರಚುವ ಜಾಗವೊಂದಿದೆ. ಅಲ್ಲಿ ಹಗ್ಗಗಳೆಲ್ಲ ತೊಯ್ದವು. ಸ್ವಲ್ಪ ಹೊತ್ತಿಗೆ ಕಿರ್ ಎಂಬ ಸದ್ದು ಕೇಳಿಸಿತು, ಹೊಸ ಚಪ್ಪಲಿಯ ಸದ್ದಿನಂತೆ. ಬಳೆಗಳನ್ನು ನೋಡಿದೆ. ಗಟ್ಟಿಯಾಗಿದ್ದವು. ಬಳೆ ಕಿತ್ತು ಬಂದಿದ್ದರೆ ಪಾರಾಗುತ್ತಿದ್ದೆವು. ಅವು ಬರಲಿಲ್ಲ, ಹಲಗೆಯನ್ನೇ ಎಳೆದುಕೊಂಡು ಒಳಗೆ ಬಂದವು. ಎರಡು ಪಕ್ಕದ ಗೋಡೆಗಳೂ ಹೊಟ್ಟೆ ಹಸಿದವನ ಕೆನ್ನೆಯ ಹಾಗೆ ಒಳಕ್ಕೆ ಹೋಗಿದ್ದವು. ಕೆಳಗಿನ ಸಂದಿಯಲ್ಲಿ ಹತ್ತಿ ಹೊರಗೆ ಬಂದು ನೇತಾಡುತ್ತಿತ್ತು. ನೀರು ಒಳಗೆ ಬರುತ್ತಿತ್ತು, ಸದ್ದಿಲ್ಲದೆ, ಉದ್ದಕ್ಕೂ.

"ತೂತು ಬಿತ್ತು ಕಣ್ಲಾ" ಎಂದ ಹಿಂದಿನ ಆಳು. ಮುಂದಿನವನು ಒಮ್ಮೆ ಬಗ್ಗಿ ನೋಡಿದ. ಆಮೇಲೆ ಇಬ್ಬರೂ ಗಳ ಬಿಟ್ಟು ನೀರಿಗೆ ಹಾರಿ, ದಡಕ್ಕೆ ಈಜತೊಡಗಿದರು. ಅವರನ್ನು ಹೀಗಳೆಯುವ ಯೋಗ್ಯತೆ ನನಗಿಲ್ಲ. ಈಜು ಬಂದಿದ್ದರೆ ನಾನು ಅವರಿಗಿಂತ ಮೊದಲೇ ಹಾರುತ್ತಿದ್ದೆ.

ದೋಣಿ ಮುಳುಗಲಿಲ್ಲ. ಮುಳುಗಲು ಇದ್ದಿಲು ಬಿಡಲಿಲ್ಲ. ಒಳಗೆ ನೀರು ಏರಿದಷ್ಟೂ ಚೀಲಗಳು ಮೇಲೆ ತೇಲಲು ಒತ್ತಿದವು. ಅವು ಒತ್ತಿದಷ್ಟೂ ಹಗ್ಗ ಬಿಗಿಯಿತು. ಕಟ್ಟದೆ ಇದ್ದಿದ್ದರೆ ಚೀಲಗಳು ಹೋಗುತ್ತಿದ್ದವು, ಗಾಡಿಯವನು ಒಂದನ್ನು ಅಪ್ಪಿಕೊಂಡು ದಡ ಸೇರುತ್ತಿದ್ದ. ಈಗ ಎಲ್ಲವೂ ಒಂದೇ ವಸ್ತುವಾಗಿತ್ತು, ನಾನು ಹೇಳಿದ ಹಾಗೆಯೇ. ಆ ಒಂದೇ ವಸ್ತು ನಿಧಾನವಾಗಿ ಎಡಕ್ಕೆ ವಾಲುತ್ತಿತ್ತು. ಅದು ಮಗುಚಿದರೆ ತಲೆ ಕೆಳಗಾಗಿ ನೀರಿನಲ್ಲಿ ಉಳಿಯುವವನು ಮೇಲೆ ಕೂತಿದ್ದವನು.

ಅವನಿಗೆ ಅದು ನನಗಿಂತ ಮೊದಲೇ ತಿಳಿದಿತ್ತು. ಪಾದಗಳನ್ನು ಎಳೆದು ಎಳೆದು ನೋಡಿದ. ಬರಲಿಲ್ಲ. ಬಳೆಗೆ ಹಾಕಿದ ಗಂಟಿಗೆ ಕೈ ಎಟುಕುತ್ತಿರಲಿಲ್ಲ. ಹಗ್ಗ ಬಿಗಿದ ಕೋಲಿದ್ದದ್ದು ನನ್ನ ಕಡೆ.

"ಬುದ್ಧಿ, ಕೋಲು ಈಚೀಕೆ ತೆಗೀರಿ" ಎಂದ. ಗಾಬರಿಯಿಲ್ಲದ ದನಿ, ಎತ್ತಿಗೆ ಹೇಳುವ ದನಿ.

ನಾನು ಚೀಲ ಹಿಡಿದು ಹತ್ತಿ, ಕೋಲಿನ ತುದಿಯನ್ನು ಹಗ್ಗದಡಿಯಿಂದ ಈಚೆಗೆ ಎಳೆದೆ. ಅಷ್ಟು ಮಾಡಿದೆ, ನಿಜ. ಹುರಿಗೊಂಡ ಹಗ್ಗ ಕೋಲನ್ನು ಹಿಂದಕ್ಕೆ ತಿರುಗಿಸಲು ನೂಕುತ್ತಿತ್ತು. ಆ ಜೀವಂತ ನೂಕು ಅಂಗೈಗೆ ಗೊತ್ತಾಗುತ್ತಿತ್ತು.

"ಈಗ ಕೈ ಬುಡಿ. ತಾನೇ ಬಿಚ್ಕತದೆ."

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು, ಅರ್ಥವೂ ಆಯಿತು. ಬಿಟ್ಟರೆ ಕೋಲು ಗಿರ್ರನೆ ತಿರುಗಿ ಹಗ್ಗ ಸಡಿಲವಾಗುತ್ತದೆ. ಆದರೆ ಆ ಕ್ಷಣದಲ್ಲಿ ದೋಣಿ ಇನ್ನಷ್ಟು ವಾಲಿತು, ನನ್ನ ಕಾಲಡಿಯ ಚೀಲ ಜಾರಿತು. ಇಡೀ ನದಿಯ ಮೇಲೆ ಹಿಡಿದುಕೊಳ್ಳಲು ಗಟ್ಟಿಯಾದ ವಸ್ತುವೆಂದರೆ ಆ ಕೋಲು ಒಂದೇ. ನಾನು ಬಿಡಲಿಲ್ಲ. ಎರಡು ಕೈಯಲ್ಲೂ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಜೋತುಬಿದ್ದೆ. ಭಾರಕ್ಕೆ ಕೋಲು ಬಿಗಿಯುವ ಕಡೆಗೇ ಇನ್ನರ್ಧ ಸುತ್ತು ತಿರುಗಿತು.

ಅವನ ಬಾಯಿಂದ ಬಂದದ್ದು ಕೂಗಲ್ಲ. ಉಸಿರು ಒಮ್ಮೆಗೇ ಹೋದ ಸದ್ದು.

"ಬುಡಿ ಬುದ್ಧಿ" ಎಂದ. ಆಮೇಲೆ, "ಬುಡೋ" ಎಂದ. ಆಮೇಲೆ ನನ್ನನ್ನು ನೋಡುತ್ತಾ ಕೂತ. ನೀರು ಎಡಗಡೆಯ ಅಂಚನ್ನು ಮುಟ್ಟಿತ್ತು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ದಡದಿಂದ ಭಾವ "ಚೀಲ ಹಿಡಕೊಳ್ರೋ" ಎಂದು ಕೂಗುತ್ತಿದ್ದದ್ದು ಕೇಳಿಸುತ್ತಿತ್ತು.

ಹರಿಗೋಲು ಹಿಂದಿನಿಂದ ಬಂದು ತಗುಲಿತು. ಅದರವನು ಮಚ್ಚಿನಿಂದ ಒಂದೊಂದೇ ಹಗ್ಗ ಕಡಿಯುತ್ತಾ ಬಂದ. ಕಡಿದ ಹಾಗೆಲ್ಲ ಚೀಲಗಳು ಪುಟಿದು ಎದ್ದು ಹೊರಗೆ ಬಿದ್ದವು. ಗಾಡಿಯವನ ಹಗ್ಗ ಕಡಿದಾಗ ಕೋಲು ನನ್ನ ಕೈಯಲ್ಲೇ ಉಳಿಯಿತು. ಗಾಡಿಯವನು ಜಾರಿ ಹರಿಗೋಲಿಗೆ ಬಿದ್ದ. ಹರಿಗೋಲಿನವನು ನನ್ನನ್ನು ಷರ್ಟಿನ ಕೊರಳು ಹಿಡಿದು ಎಳೆದು ಹಾಕಿಕೊಂಡ, ಕೋಲಿನ ಸಮೇತ. ಹತ್ತು ಮಾರು ದೂರ ಹೋಗುವುದರಲ್ಲಿ ದೋಣಿ ಮಗುಚಿತು. ನೀರಿಗೆ ಇಳಿದ ಮೇಲೆ ಅದರ ತಳ ಮೊದಲ ಸಲ ಕಂಡಿತು, ರಾಳ ಬಳಿದ ಕಪ್ಪು ತಳ. ಹರಿಗೋಲಿನವನು ಅದನ್ನು ತಿರುಗಿ ಕೂಡ ನೋಡಲಿಲ್ಲ.

ದಡದಲ್ಲಿ ಭಾವ ಕೊಡೆ ಮಡಿಸಿ ನೀರಿನವರೆಗೆ ಇಳಿದು ಬಂದರು. ಗಾಡಿಯವನ ಪಾದಗಳು ನೀಲಿಯಾಗಿದ್ದವು. ಬಲಗಾಲಿನ ಗಂಟಿನ ಮೇಲೆ ಹಗ್ಗದ ಹುರಿ ಅಚ್ಚೊತ್ತಿದಂತೆ ಚರ್ಮ ಸುಲಿದಿತ್ತು.

"ಹಗ್ಗ ಎಲ್ಲಾ ಯಾಕೆ ಕಡಿದೆ? ಅವನ ಕಾಲಿನ ಮೇಲಿಂದು ಒಂದು ಕಡಿದಿದ್ದರೆ ಸಾಕಿತ್ತಲ್ಲ" ಎಂದು ಭಾವ ಕೇಳಿದರು.

ಹರಿಗೋಲಿನವನು ಮಚ್ಚನ್ನು ಪಂಚೆಗೆ ಒರೆಸಿದ. "ಆಗ್ಲಿ ಅಯ್ನೋರೆ. ಇನ್ನೊಂದ್ ದಪ ನೀವೇ ಕುಂತ್ಕಳಿ, ನಿಮ್ಮುನ್ ಕೇಳೇ ಕಡೀತೀನಿ."

ಆ ದಿನ ಸಂಜೆಯೊಳಗೆ ಹಲಗೂರಿಗೆ ಒಂದು ಕಥೆ ಮುಟ್ಟಿತ್ತು. ಆಳುಗಳಿಬ್ಬರೂ ಹಾರಿದ ಮೇಲೆ ನಾನೊಬ್ಬನೇ ದೋಣಿಯಲ್ಲಿ ಉಳಿದು, ಈಜು ಬಾರದಿದ್ದರೂ ಹೊರೆ ಹತ್ತಿ, ಹಗ್ಗದ ಕೋಲು ಹಿಡಿದು, ಹರಿಗೋಲು ಬರುವವರೆಗೆ ಗಾಡಿಯವನ ಜೀವ ಕಾದೆ ಎಂಬ ಕಥೆ. ಕಟ್ಟಿದವರು ಭಾವ. ದೋಣಿ ಹೋಯಿತೆನ್ನುವುದಕ್ಕಿಂತ ಬಾಮೈದ ಗೆದ್ದ ಎನ್ನುವುದು ಅವರಿಗೆ ಬೇಕಾಗಿತ್ತು. ಅಕ್ಕ ನನಗೆ ದೃಷ್ಟಿ ತೆಗೆದಳು. ನಾನು ಜ್ವರವೆಂದು ಹೊದ್ದು ಮಲಗಿದೆ. ಜ್ವರ ಇರಲಿಲ್ಲ. ಮುಚ್ಚಿದ ಅಂಗೈಗಳು ಬಿಚ್ಚುತ್ತಿರಲಿಲ್ಲ.

ವಾರ ಕಳೆದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಗಾಡಿಯವನ ಮನೆಗೆ ಹೋದೆ. ಅವನು ಹೊರಗಿನ ಜಗಲಿಯ ಮೇಲೆ ಬಲಗಾಲಿಗೆ ಸೊಪ್ಪಿನ ಕಟ್ಟು ಹಾಕಿಕೊಂಡು ಕೂತಿದ್ದ. ಅವನ ಹೆಂಡತಿ ನನ್ನನ್ನು ನೋಡಿದ ಕೂಡಲೇ ಕಾಲಿಗೆ ಬಗ್ಗಿದಳು.

"ನಮ್ ತಾಳಿ ಉಳಿಸ್ದೋರು ಬುದ್ಧಿ ನೀವು. ಇವ್ರೇ ಏಳುದ್ರು. ನೀವು ಆ ಕೋಲು ಇಡ್ಕಂಡು ಬುಡ್ನೇ ಇಲ್ವಂತೆ."

ನಾನು ಅವನ ಮುಖ ನೋಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಬುಡ್ನೇ ಇಲ್ಲ ಕಣಮ್ಮಿ, ನಿಜ" ಎಂದ. "ಓಗು, ಬುದ್ಧಿಯೋರ್ಗೆ ಕುಡಿಯಾಕೆ ಏನಾರ ತತ್ತಾ."

ಅವಳು ಒಳಗೆ ಹೋದ ಮೇಲೆ ನಾನು ಜಗಲಿಯ ಅಂಚಿನಲ್ಲಿ ಕೂತೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯವಿತ್ತು. ಅದು ಗ್ರಂಥದ ಕನ್ನಡದಲ್ಲಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಆವತ್ತು ನಾನು..."

"ಯಾವ್ ಕಡೀಕೆ ತಿರುಗ್ತು ಅಂತ ನನ್ ಕಾಲಿಗೆ ಗೊತ್ತೈತೆ ಬುದ್ಧಿ" ಎಂದ. ದನಿ ಏರಲಿಲ್ಲ. "ಈಗ ಅದ್ನ ಏಳ್ಬುಟ್ಟು ನೀವು ಅಗುರ ಆಗ್ಬ್ಯಾಡಿ."

"ಹಾಗಾದರೆ ಮನೆಯಲ್ಲಿ ಯಾಕೆ ಹೀಗೆ ಹೇಳಿದೆ?"

"ನಾಳೀಕೆ ನಿಮ್ ಭಾವನೋರ್ ಗಾಡೀನೇ ಊಡ್ಬೇಕಲ್ಲ ನಾನು. ಅವ್ರು ಒಂದು ಕತೆ ಕಟ್ಟವ್ರೆ. ಅದ್ನ ನಾನ್ ಬಿಚ್ಚಿ ಎಲ್ಗೋಗ್ಲಿ?" ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. "ಒಂದ್ ಮಾತು. ಇನ್ಮ್ಯಾಕೆ ಯಾರ್ ಅಗ್ಗಾನೂ ಮುಟ್ಬ್ಯಾಡಿ ನೀವು. ಮೇಷ್ಟ್ರು ಆಗೋಗಿ. ಸೀಮೆಸುಣ್ಣ ಆದ್ರೆ ಕೈಲಿಡ್ಕಂಡು ಎಷ್ಟ್ ಒತ್ತುದ್ರೂವೆ ಅದೇ ಮುರೀತದೆ."

ಅವನು ನಗಲಿಲ್ಲ. ಅವನ ಹೆಂಡತಿ ಕಂಚಿನ ಲೋಟದಲ್ಲಿ ಬೆಲ್ಲದ ಪಾನಕ ತಂದು, ಎರಡು ಕೈಯಲ್ಲಿ ನನ್ನ ಮುಂದೆ ಹಿಡಿದಳು. ಅವನು ನೋಡುತ್ತಿದ್ದ. ನಾನು ತೆಗೆದುಕೊಂಡು, ಜೀವ ಉಳಿಸಿದವನು ಕುಡಿಯುವ ಹಾಗೆ, ನಿಧಾನವಾಗಿ, ಲೋಟ ಬರಿದಾಗುವವರೆಗೂ ಕುಡಿದೆ.